ಹನಿ ನೀರಿಗೂ ಲೆಕ್ಕವಿಟ್ಟ ಮಹನೀಯ: ಸರ್ ಎಂ. ವಿಶ್ವೇಶ್ವರಯ್ಯನವರು

ಅನ್ನದಾಸೋಹ, ಜ್ಞಾನದಾಸೋಹಗಳೆಂಬ ಮಾತುಗಳು ನಮ್ಮ ಮಠ ಮತ್ತು ವಿದ್ಯಾಸಂಸ್ಥೆಗಳ ಪರಿಸರದಲ್ಲಿ ನಿತ್ಯವೂ ಕಿವಿಗೆ ಬೀಳುತ್ತವೆ. ಜಲದಾಸೋಹವೆಂಬುದೂ ಈ ನಾಡಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸಿ, ಬರದ ಸೀಮೆಯ ಜನಕ್ಕೂ ಜಾನುವಾರುಗಳಿಗೂ ಜೀವನಾಧಾರವನ್ನು ಕಲ್ಪಿಸಿದರು. ಅಂದಿನ ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ಆ ಪಟ್ಟಣವಿರುವುದು ಭೀಮಾ ನದಿಯ ಜಲಾನಯನ ಪ್ರದೇಶದಲ್ಲಿ. ಸಿದ್ಧರಾಮರಿಗೆ ಏಳು ಶತಮಾನಗಳ ತರುವಾಯ, ಅದೇ ಭೀಮೆಯ ಉಪನದಿಗಳಾದ ಮುಠಾ ಮತ್ತು ನೀರಾ ನದಿಗಳ ದಡದಲ್ಲಿ ಕನ್ನಡನಾಡಿನ ತರುಣ ಇಂಜಿನಿಯರೊಬ್ಬರು ನಿಂತು, ಕೂಡಿಟ್ಟ ನೀರನ್ನು ಹೊಲಕ್ಕೆ ಹೇಗೆ ಹಂಚಬೇಕೆಂಬ ಪ್ರಶ್ನೆಯನ್ನು ಎತ್ತಿಕೊಂಡರು. ಅವರೇ ಪ್ರಾತಃಸ್ಮರಣೀಯರಾದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರೆಂದೊಡನೆ ಕನ್ನಂಬಾಡಿಯ ಕಟ್ಟೆ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ. ಅದು ಸಹಜವೇ ಆಗಿದೆ. ಆದರೆ ಕಟ್ಟೆ ಕಟ್ಟುವುದಕ್ಕೆ ಮೊದಲೇ, ಕಟ್ಟೆಯ ಕೆಳಗಿನ ಹೊಲದಲ್ಲಿ ನೀರು ಪೋಲಾಗದಂತೆ ಮಾಡುವ ವಿದ್ಯೆಯನ್ನು ಅವರು ಸಾಧಿಸಿದ್ದರೆಂಬುದನ್ನು ಬಲ್ಲವರು ವಿರಳ. ಈ ಲೇಖನದಲ್ಲಿ ಅವರ ದೀರ್ಘ ಜೀವನವನ್ನು ಆ ಒಂದು ಎಳೆಯನ್ನು ಹಿಡಿದು ನಿರೂಪಿಸಲಾಗಿದೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ 1860ರ ಸೆಪ್ಟೆಂಬರ್ 15ರಂದು ವಿಶ್ವೇಶ್ವರಯ್ಯನವರು ಜನಿಸಿದರು. ಕೆಲವು ಗ್ರಂಥಗಳಲ್ಲಿ 1861 ಎಂಬ ಉಲ್ಲೇಖವೂ ಉಂಟು. ನಂದಿಬೆಟ್ಟದ ಮಗ್ಗುಲಿನ ಆ ಸೀಮೆಗೆ ವರ್ಷವಿಡೀ ತುಂಬಿ ಹರಿಯುವ ಹೊಳೆಯೊಂದೂ ಇಲ್ಲ. ಕೆರೆ ತುಂಬಿದರೆ ಬೆಳೆ, ತುಂಬದಿದ್ದರೆ ಬರ ಎಂಬುದು ಅಲ್ಲಿನ ಬಾಳಿನ ಕ್ರಮ. ಬಾಲ್ಯದಲ್ಲಿಯೇ ತಂದೆಯವರನ್ನು ಕಳೆದುಕೊಂಡ ಅವರು ಚಿಕ್ಕಬಳ್ಳಾಪುರದಲ್ಲಿ ಆರಂಭದ ಶಿಕ್ಷಣವನ್ನು ಮುಗಿಸಿ ಬೆಂಗಳೂರಿಗೆ ಬಂದರು. ಮನೆಪಾಠ ಹೇಳಿ ಗಳಿಸಿದ ಹಣದಿಂದ ಸೆಂಟ್ರಲ್ ಕಾಲೇಜಿನ ವ್ಯಾಸಂಗವನ್ನು ಮುಂದುವರಿಸಿದರು.

ಅವರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿಯೇ, 1876ರಿಂದ 1878ರವರೆಗೆ, ಮೈಸೂರು ಸಂಸ್ಥಾನವನ್ನು ಧಾತು ಈಶ್ವರ ಬರ ಎಂದು ಜನ ಇಂದಿಗೂ ನೆನೆಯುವ ಮಹಾಕ್ಷಾಮ ಆವರಿಸಿತು. 1871ರ ಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯ ವೇಳೆಗೆ ನಲವತ್ತೆರಡು ಲಕ್ಷದ ಆಸುಪಾಸಿಗೆ ಇಳಿದಿತ್ತು. ನೀರಿಲ್ಲದಿದ್ದರೆ ನಾಡಿಗೆ ಒದಗುವ ಗತಿಯೇನೆಂಬುದನ್ನು ಆ ತಲೆಮಾರಿನವರು ಗ್ರಂಥಗಳಿಂದ ಕಲಿಯಬೇಕಾಗಿರಲಿಲ್ಲ.

1881ರಲ್ಲಿ ಬಿ.ಎ. ಪದವಿಯನ್ನು ಪಡೆದ ಅವರು ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ನೆರವಿನಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮಸ್ಥಾನವನ್ನು ಗಳಿಸಿದರು. ಮರುವರ್ಷವೇ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರರಾಗಿ ನೇಮಕಗೊಂಡರು.

ಖಾನದೇಶದ ಪಾಠ

ಸೇವೆಯ ಆರಂಭದಲ್ಲಿಯೇ ಅವರು ಖಾನದೇಶಕ್ಕೆ ಹೋಗಬೇಕಾಯಿತು. ಅಲ್ಲಿ ಪಾಂಝರಾ ನದಿಯ ನೀರನ್ನು ಸೈಫನ್ ಕೊಳವೆಯ ಮೂಲಕ ದಾಟಿಸುವ ಕಾರ್ಯ ಅವರ ಪಾಲಿಗೆ ಬಂದಿತು. ಮಳೆಗಾಲದ ನೆರೆಯೂ ನದಿಯ ಹೂಳೂ ಒಡ್ಡಿದ ಅಡಚಣೆಗಳನ್ನೆಲ್ಲ ಎದುರಿಸಿ ಅವರು ಅದನ್ನು ಪೂರೈಸಿದರು.

ಆ ಪಾಂಝರಾ ಕಣಿವೆಗೆ ಇನ್ನೊಂದು ಹಿರಿಮೆಯೂ ಉಂಟು. ಫಡ್ ಪದ್ಧತಿ ಎಂಬ ಪ್ರಾಚೀನ ನೀರಾವರಿ ಕ್ರಮ ಅಲ್ಲಿ ಸುಮಾರು ಮೂರು ನಾಲ್ಕು ಶತಮಾನಗಳಿಂದ ನಡೆದುಬಂದಿತ್ತು. ಹೊಳೆಗೆ ಅಡ್ಡಲಾಗಿ ಬಂಧಾರವನ್ನು ಕಟ್ಟಿ, ಅದರ ಕೆಳಗಿನ ಭೂಮಿಯನ್ನೆಲ್ಲ ಮೂರೋ ನಾಲ್ಕೋ ದೊಡ್ಡ ಫಡ್‌ಗಳಾಗಿ, ಅಂದರೆ ವಿಭಾಗಗಳಾಗಿ ವಿಂಗಡಿಸುತ್ತಿದ್ದರು. ಒಂದು ಫಡ್‌ನಲ್ಲಿ ಈ ವರ್ಷ ಕಬ್ಬು ಬೆಳೆದರೆ ಉಳಿದವುಗಳಲ್ಲಿ ಅಲ್ಪ ನೀರಿನ ಬೆಳೆಗಳು. ಮರುವರ್ಷ ಕಬ್ಬಿನ ಸರದಿ ಮತ್ತೊಂದು ಫಡ್‌ಗೆ. ಒಂದು ಫಡ್‌ನ ರೈತರೆಲ್ಲ ಒಂದೇ ಬೆಳೆಯನ್ನು ಇಡಬೇಕು. ಒಬ್ಬೊಬ್ಬ ರೈತನಿಗೂ ಹಲವು ಫಡ್‌ಗಳಲ್ಲಿ ತುಂಡುಭೂಮಿ ಇರುತ್ತಿದ್ದುದರಿಂದ ಲಾಭವೂ ನಷ್ಟವೂ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತಿದ್ದವು. ಹೊಳೆಯಲ್ಲಿ ನೀರು ಕಡಿಮೆಯಾದ ವರ್ಷ ಊರವರೇ ಕೂಡಿ ಕುಳಿತು ಬೆಳೆಯ ವಿಸ್ತಾರವನ್ನು ತಗ್ಗಿಸುತ್ತಿದ್ದರು. ನೀರು ಬಿಡುವುದಕ್ಕೆ ಊರವರೇ ನೇಮಿಸಿದ ಪಾಟಕರಿ ಇರುತ್ತಿದ್ದನು. ಹೊಲದ ಒಡೆಯನು ಕಾಲುವೆಗೆ ಕೈ ಹಚ್ಚುವಂತಿರಲಿಲ್ಲ. ಮುಂದೆ ವಿಶ್ವೇಶ್ವರಯ್ಯನವರು ರೂಪಿಸಿದ ಪದ್ಧತಿಗೂ ಇದಕ್ಕೂ ಇರುವ ಹೋಲಿಕೆಯನ್ನು ಓದುಗರು ಸ್ವತಃ ಕಾಣಬಹುದು.

1894ರಲ್ಲಿ ಅವರು ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ತೆರಳಿದರು. ಸಿಂಧೂ ನದಿಯ ಕೆಸರು ನೀರನ್ನು ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟುವಷ್ಟು ಹಣ ಆ ಪುರಸಭೆಯಲ್ಲಿರಲಿಲ್ಲ. ನದೀಪಾತ್ರದಲ್ಲಿಯೇ ಬಾವಿ ತೋಡಿಸಿ, ನದಿಯ ಮರಳಿನಿಂದಲೇ ನೀರು ಶೋಧಿತವಾಗಿ ಬರುವಂತೆ ಅವರು ಮಾಡಿದರು. ಇರುವುದನ್ನೇ ಬುದ್ಧಿಯಿಂದ ಬಳಸಿ ಮಿತವ್ಯಯದಲ್ಲಿ ಕಾರ್ಯವನ್ನು ಸಾಧಿಸುವ ಅವರ ಸ್ವಭಾವ ಅಲ್ಲಿಯೇ ವ್ಯಕ್ತವಾಗಿದೆ.

ಪುಣೆಯ ಕಾಲುವೆಗಳು

1899ರಲ್ಲಿ ವಿಶ್ವೇಶ್ವರಯ್ಯನವರು ಪುಣೆಯ ನೀರಾವರಿ ವಿಭಾಗದ ಕಾರ್ಯನಿರ್ವಾಹಕ ಇಂಜಿನಿಯರರಾದರು. ಆ ವರ್ಷ ಮತ್ತು ಮರುವರ್ಷ ದಖ್ಖನಿನಲ್ಲಿ ಮತ್ತೆ ಘೋರ ಕ್ಷಾಮ. ಮುಠಾ ನದಿಗೆ ಖಡಕವಾಸಲೆಯಲ್ಲಿ ಕಟ್ಟಿದ ಜಲಾಶಯವು ಪುಣೆ ನಗರಕ್ಕೂ ದಂಡಿನ ಪ್ರದೇಶಕ್ಕೂ ಕಾಲುವೆಯ ಕೆಳಗಿನ ಹೊಲಗಳಿಗೂ ನೀರೊದಗಿಸಬೇಕಾಗಿತ್ತು. ಮಳೆಗಾಲದಲ್ಲಿ ಕೋಡಿ ಹರಿದು ನೀರು ವ್ಯರ್ಥವಾಗುವುದು, ಬೇಸಗೆಯಲ್ಲಿ ಕೊರತೆ ತಲೆದೋರುವುದು ಅಲ್ಲಿನ ವಾಡಿಕೆಯಾಗಿತ್ತು. ಅಣೆಕಟ್ಟಿನ ಗೋಡೆಯನ್ನು ಎತ್ತರಿಸದೆಯೇ, ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ನಿಲ್ಲಿಸಿ 8 ಅಡಿಗಳಷ್ಟು ಹೆಚ್ಚು ನೀರನ್ನು ಹಿಡಿಯುವ ಉಪಾಯವನ್ನು ಅವರು ಕಂಡುಹಿಡಿದರು. ನೀರು ಗೊತ್ತಾದ ಮಟ್ಟವನ್ನು ಮೀರಿದಾಗ ಬಾಗಿಲುಗಳು ತಾವಾಗಿಯೇ ತೆರೆದು ಪ್ರವಾಹವನ್ನು ಹೊರಬಿಟ್ಟು, ಮಟ್ಟ ಇಳಿದಾಗ ಮುಚ್ಚಿಕೊಳ್ಳುತ್ತಿದ್ದವು. 1903ರಲ್ಲಿ ಸ್ಥಾಪಿತವಾದ ಈ ಬಾಗಿಲುಗಳಿಂದ ಜಲಾಶಯದ ಸಂಗ್ರಹ ಸುಮಾರು ಕಾಲುಭಾಗದಷ್ಟು ಹೆಚ್ಚಿತು. ಮುಂದೆ ಗ್ವಾಲಿಯರ್ ಸಂಸ್ಥಾನದ ತಿಗ್ರಾ ಅಣೆಕಟ್ಟಿನಲ್ಲಿಯೂ ಕೃಷ್ಣರಾಜಸಾಗರದಲ್ಲಿಯೂ ಇಂತಹವೇ ಬಳಕೆಗೆ ಬಂದವು. ಇವುಗಳ ಹಕ್ಕುಪತ್ರ ಅವರ ಹೆಸರಿನಲ್ಲಿಯೇ ಇದ್ದರೂ, ಸರ್ಕಾರಿ ಸೇವೆಯಲ್ಲಿದ್ದಾಗ ರೂಪಿಸಿದ್ದೆಂಬ ಕಾರಣದಿಂದ ಸರ್ಕಾರ ಕೊಡಬಂದ ಗೌರವಧನವನ್ನು ಅವರು ನಿರಾಕರಿಸಿದರು. ಕಾಯಕದ ಫಲವನ್ನು ಸಮಾಜಕ್ಕೆ ಸಲ್ಲಿಸುವ ಶರಣಧರ್ಮ ಬೇರೆ ಕುಲದಲ್ಲಿ ಹುಟ್ಟಿದ ಈ ಮಹನೀಯರಲ್ಲಿಯೂ ಸಹಜವಾಗಿ ಮೈಗೂಡಿತ್ತು.

ಆದರೆ ಜಲಾಶಯದಲ್ಲಿ ಉಳಿಸಿದ ನೀರು ಹೊಲದಲ್ಲಿ ಪೋಲಾದರೆ ಫಲವೇನು? ಮುಠಾ ಕಾಲುವೆಯ ಮೇಲ್ಭಾಗದ ರೈತರು ಕಬ್ಬಿಗೆ ಬೇಕಾದುದಕ್ಕಿಂತ ಅಧಿಕ ನೀರನ್ನು ಹಾಯಿಸುತ್ತಿದ್ದರು. ನೀರು ಹೆಚ್ಚಿದಷ್ಟೂ ಇಳುವರಿ ಹೆಚ್ಚುವುದೆಂಬ ಭ್ರಮೆ ಆಗಲೂ ಪ್ರಬಲವಾಗಿತ್ತು. ವಿಶ್ವೇಶ್ವರಯ್ಯನವರು ಸರದಿಯ ಕ್ರಮವನ್ನು ಜಾರಿಗೆ ತಂದು, ನಿಯತವಾದ ದಿನಗಳ ಅಂತರದಲ್ಲಿ ನಿಯತವಾದ ಪ್ರಮಾಣದ ನೀರನ್ನು ಮಾತ್ರ ಬಿಡಿಸಿದರು. ರೈತರು ಪ್ರತಿಭಟಿಸಿದರು, ಸಭೆಗಳು ಸೇರಿದವು, ಪತ್ರಿಕೆಗಳಲ್ಲಿಯೂ ಟೀಕೆಗಳು ಪ್ರಕಟವಾದವು. ಸರ್ಕಾರಿ ಅಧಿಕಾರಿಯೊಬ್ಬನು ರೈತನ ಹೊಲದ ನೀರಿಗೆ ಕಡಿವಾಣ ಹಾಕುವುದೆಂದರೆ ಅಂದಿನ ದಿನಗಳಲ್ಲಿ ಅದು ರಾಜಕೀಯ ಪ್ರಶ್ನೆಯೂ ಆಗಿತ್ತು. ಆದರೂ ಅವರು ತಮ್ಮ ನಿಲುವಿನಿಂದ ಕದಲಲಿಲ್ಲ. ಕದಲದಿದ್ದುದಷ್ಟೇ ಅಲ್ಲ, ವಿರೋಧದಲ್ಲಿ ಅಡಗಿದ್ದ ಸತ್ಯವನ್ನೂ ಗ್ರಹಿಸಿದರು. ಇಷ್ಟು ನೀರು, ಇಂತಹ ದಿನ, ಇಷ್ಟು ವರ್ಷಗಳವರೆಗೆ ನಿಶ್ಚಯವಾಗಿ ದೊರೆಯುವುದೆಂಬ ಭರವಸೆ ರೈತನಿಗಿಲ್ಲದಿದ್ದರೆ, ಬಂದಾಗ ಬಾಚಿಕೊಳ್ಳುವ ಬುದ್ಧಿ ಅವನಿಗೆ ಬಾರದಿರದು. ಈ ಗ್ರಹಿಕೆಯ ಫಲವೇ ಬ್ಲಾಕ್ ಪದ್ಧತಿ.

ಬ್ಲಾಕ್ ಪದ್ಧತಿಯ ಸ್ವರೂಪ

ಪಶ್ಚಿಮಘಟ್ಟದ ನೆತ್ತಿಯ ಮೇಲೆ ನೂರು ಇಂಚುಗಳನ್ನು ಮೀರಿ ಸುರಿಯುವ ಮಳೆ, ಅಲ್ಲಿಂದ ಕೆಲವು ಹರಿದಾರಿ ಪೂರ್ವಕ್ಕಿರುವ ಬಾರಾಮತಿ, ಇಂದಾಪುರಗಳ ಸೀಮೆಗೆ ಬರುವ ವೇಳೆಗೆ ಇಪ್ಪತ್ತು ಇಂಚಿನ ಆಸುಪಾಸಿಗೆ ಇಳಿದಿರುತ್ತದೆ. ಈ ಸೀಮೆಯನ್ನು ಬರದಿಂದ ಕಾಪಾಡುವ ಉದ್ದೇಶದಿಂದ ಭಾಟಘರದಲ್ಲಿ ಜಲಾಶಯವನ್ನೂ ಅಲ್ಲಿಂದ ನೀರಾ ಎಡದಂಡೆ ಕಾಲುವೆಯನ್ನೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಿರ್ಮಿಸಲಾಗಿತ್ತು. ಒಳ್ಳೆಯ ಮಳೆಯಾದ ವರ್ಷ ಎರೆಭೂಮಿಯ ರೈತನು ಜೋಳಕ್ಕೆ ಕಾಲುವೆಯ ನೀರನ್ನು ಕೇಳುತ್ತಿರಲಿಲ್ಲ. ಬರ ಬಂದೊಡನೆ ಎಲ್ಲರೂ ಒಮ್ಮೆಗೇ ಕೇಳುತ್ತಿದ್ದರು. ನೀರಿಗಾಗಿ ವರ್ಷವರ್ಷವೂ ಅರ್ಜಿ ಹಾಕಬೇಕಾಗಿತ್ತು. ನೀರು ಪಡೆದ ಹೊಲಗಳು ಅಲ್ಲೊಂದು ಇಲ್ಲೊಂದು ಚದುರಿದ್ದುದರಿಂದ ಹೊಲಗಾಲುವೆಗಳು ಉದ್ದುದ್ದವಾಗಿ, ದಾರಿಯಲ್ಲಿಯೇ ಬಹುಭಾಗ ನೀರು ಇಂಗಿಹೋಗುತ್ತಿತ್ತು. ಕಬ್ಬಿನ ಹೊಲವಂತೂ ವರ್ಷಗಟ್ಟಲೆ ಒದ್ದೆಯಾಗಿದ್ದು ಹಾಳಾಗುತ್ತಿತ್ತು.

ಇದಕ್ಕೆ ವಿಶ್ವೇಶ್ವರಯ್ಯನವರು ಸೂಚಿಸಿದ ಪರಿಹಾರ ಸರಳವಾಗಿ ಕಾಣುತ್ತದೆ. ಆದರೆ ಅದರೊಳಗೆ ಹಲವು ಯೋಚನೆಗಳು ಹೆಣೆದುಕೊಂಡಿವೆ. ಮೊದಲನೆಯದು, ಕಾಲುವೆಯ ಪ್ರಯೋಜನವನ್ನು ಮೇಲ್ಭಾಗದ ಕೆಲವೇ ಗ್ರಾಮಗಳಿಗೆ ಬಿಡದೆ ಆದಷ್ಟು ಹೆಚ್ಚು ಗ್ರಾಮಗಳಿಗೆ ಹರಡುವುದು. ಎರಡನೆಯದು, ಪ್ರತಿಯೊಂದು ಗ್ರಾಮದಲ್ಲಿಯೂ ನೀರಾವರಿಗೆ ಯೋಗ್ಯವಾದ, ನೀರು ಬಸಿದುಹೋಗಬಲ್ಲ ಭೂಮಿಯನ್ನು ಆರಿಸಿ ಒಂದೇ ಕಡೆ ಸೇರಿಸಿದ ಖಂಡಗಳನ್ನು, ಅಂದರೆ ಬ್ಲಾಕುಗಳನ್ನು, ಗೊತ್ತುಮಾಡುವುದು. ಮೂರನೆಯದು, ಬ್ಲಾಕಿನ ಮೂರನೆಯ ಒಂದು ಭಾಗದಲ್ಲಿ ಮಾತ್ರ ಕಬ್ಬಿನಂತಹ ಅಧಿಕ ನೀರಿನ ಬೆಳೆಗೆ ಅವಕಾಶವಿತ್ತು, ಉಳಿದ ಭಾಗಕ್ಕೆ ಅಲ್ಪ ನೀರಿನ ಬೆಳೆಗಳನ್ನು ವಿಧಿಸಿ, ಈ ಭಾಗಗಳನ್ನು ವರ್ಷವರ್ಷವೂ ಸರದಿಯಂತೆ ಬದಲಿಸುವುದು. ನಾಲ್ಕನೆಯದು, ಈ ವ್ಯವಸ್ಥೆಯನ್ನು ಹಲವು ವರ್ಷಗಳ ಅವಧಿಗೆ ನಿಶ್ಚಯಿಸಿ, ರೈತನಿಗೆ ಭರವಸೆಯನ್ನೂ ಇಲಾಖೆಗೆ ಸ್ಥಿರವಾದ ಆದಾಯವನ್ನೂ ಒದಗಿಸುವುದು.

ಇದರ ಲಾಭ ಹೊಲದ ಮಟ್ಟದಲ್ಲಿಯೇ ಗೋಚರಿಸುವಂತಹುದು. ಹೊಲಗಳು ಒಗ್ಗೂಡಿದುದರಿಂದ ಹೊಲಗಾಲುವೆ ಮೊಟಕಾಗಿ ಸೋರಿಕೆ ತಗ್ಗುತ್ತದೆ. ಒದ್ದೆಯಾದ ಭೂಮಿಗೆ ಮುಂದಿನ ವರ್ಷ ಆರುವ ಬಿಡುವು ದೊರೆಯುವುದರಿಂದ ಅಂತರ್ಜಲ ಮೇಲೇರಿ ಉಪ್ಪನ್ನು ಹೊರಹಾಕುವ ಅಪಾಯ ಕಡಿಮೆಯಾಗುತ್ತದೆ. ಬೆಳೆ ಬದಲಾಗುವುದರಿಂದ ಭೂಸಾರ ಉಳಿಯುತ್ತದೆ. ಊರಿನ ಸುತ್ತ ಸದಾ ಕೆಸರು ನಿಲ್ಲದಿರುವುದರಿಂದ ಚಳಿಜ್ವರದ ಬಾಧೆಯೂ ಕಡಿಮೆ. ಎಲ್ಲಕ್ಕೂ ಮಿಗಿಲಾಗಿ, ಅಷ್ಟೇ ನೀರು ಮತ್ತಷ್ಟು ಮನೆಗಳನ್ನು ತಲುಪುತ್ತದೆ. ಕೃಷಿವಿಜ್ಞಾನಿಗಳ ಲೆಕ್ಕದಂತೆ ಕಬ್ಬಿಗೆ 1500ರಿಂದ 2500 ಮಿಲಿಮೀಟರಿನಷ್ಟು ನೀರು ಬೇಕಾದರೆ ಜೋಳಕ್ಕೆ 450ರಿಂದ 650, ರಾಗಿಗೆ 400ರಿಂದ 450 ಮಿಲಿಮೀಟರು ಸಾಕು. ಎಂದರೆ ಒಂದೆಕರೆ ಕಬ್ಬು ಕುಡಿಯುವ ನೀರಿನಲ್ಲಿ ಮೂರು ನಾಲ್ಕು ಎಕರೆ ಜೋಳ ಬೆಳೆಯುತ್ತದೆ. ಬರದ ಸೀಮೆಯಲ್ಲಿ ಒಬ್ಬನ ಕಬ್ಬು ನಾಲ್ವರ ರೊಟ್ಟಿಯಾಗಬಲ್ಲದು ಎಂಬುದೇ ಈ ಪದ್ಧತಿಯ ತಿರುಳು.

ಸರ್ ಕಾಲಿನ್ ಸ್ಕಾಟ್ ಮಾಂಕ್ರೀಫ್ ಅವರ ಅಧ್ಯಕ್ಷತೆಯ ಭಾರತೀಯ ನೀರಾವರಿ ಆಯೋಗ 1901ರಿಂದ 1903ರವರೆಗೆ ದೇಶವನ್ನೆಲ್ಲ ಸುತ್ತಿ ವಿಚಾರಣೆ ನಡೆಸಿದಾಗ ಈ ಕನ್ನಡಿಗ ಇಂಜಿನಿಯರರ ಯೋಜನೆ ಅದರ ಗಮನವನ್ನು ಸೆಳೆಯಿತು. 1903ರ ಸುಮಾರಿಗೆ ನೀರಾ ಕಾಲುವೆಯಲ್ಲಿ ಅದು ಕಾರ್ಯರೂಪಕ್ಕೆ ಬಂದಿತು.

ಏಡನ್, ಹೈದರಾಬಾದ್

1906ರಲ್ಲಿ ಅವರನ್ನು ಏಡನ್ ನಗರಕ್ಕೆ ಕಳುಹಿಸಲಾಯಿತು. ಹಸಿರಿಲ್ಲದ ಬೋಳು ಬಂಡೆಗಳ ನಡುವಿನ ಆ ಬಂದರಿನಲ್ಲಿ ಮಳೆಯೆಂಬುದು ಅಪರೂಪದ ಅತಿಥಿ. ಉತ್ತರಕ್ಕೆ ಹಲವು ಮೈಲಿಗಳಾಚೆ ಲಹೇಜ್ ಪ್ರಾಂತದಲ್ಲಿ ಮರಳಿನಡಿ ಇಂಗಿಹೋಗುವ ನದಿಯ ನೀರನ್ನು ಬಾವಿಗಳ ಮೂಲಕ ಎತ್ತಿ ತರುವ ಸಲಹೆಯನ್ನು ಅವರು ನೀಡಿದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ನಗರ ಧ್ವಂಸವಾದಾಗ ನಿಜಾಮ ಸರ್ಕಾರ ಅವರನ್ನು ಕರೆಸಿಕೊಂಡಿತು. ಆ ವೇಳೆಗೆ ಅವರು ಮುಂಬಯಿ ಸರ್ಕಾರದ ಸೇವೆಯಿಂದ ನಿವೃತ್ತರಾಗಿದ್ದರು. ನಗರದ ಮೇಲ್ಗಡೆ ಜಲಾಶಯಗಳನ್ನು ಕಟ್ಟಿ ನೆರೆಯನ್ನು ತಡೆದು, ಅದೇ ನೀರನ್ನು ನಗರಕ್ಕೆ ಕುಡಿಯಲು ಕೊಡುವ ಅವರ ಯೋಜನೆ ಉಸ್ಮಾನ್ ಸಾಗರ ಮತ್ತು ಹಿಮಾಯತ್ ಸಾಗರಗಳ ರೂಪದಲ್ಲಿ ಸಾಕಾರಗೊಂಡಿತು.

ಮೈಸೂರಿನ ಸೇವೆ

1909ರ ನವೆಂಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಹ್ವಾನವನ್ನು ಮನ್ನಿಸಿ ಅವರು ಮೈಸೂರು ಸಂಸ್ಥಾನದ ಮುಖ್ಯ ಇಂಜಿನಿಯರರಾದರು. 1911ರಲ್ಲಿ ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟಿನ ಕಾರ್ಯ ಆರಂಭವಾಯಿತು. ಮದರಾಸು ಸರ್ಕಾರದ ಆಕ್ಷೇಪಣೆ, ಹಣದ ಅಡಚಣೆ, ಕೆಳಗಿನ ನಾಡಿನೊಡನೆ ದೀರ್ಘವಾದ ವಾದವಿವಾದ, ಇವೆಲ್ಲವನ್ನೂ ದಾಟಿ 1924ರಲ್ಲಿ ಒಪ್ಪಂದವೇರ್ಪಟ್ಟಿತು. 124 ಅಡಿ ಎತ್ತರಕ್ಕೆ ನೀರು ನಿಲ್ಲುವ, ಸುಮಾರು 49 ಟಿ.ಎಂ.ಸಿ. ಸಂಗ್ರಹಸಾಮರ್ಥ್ಯದ ಆ ಜಲಾಶಯ ಪೂರ್ಣಗೊಂಡದ್ದು 1930ರ ದಶಕದ ಆರಂಭದಲ್ಲಿ. ಸಿಮೆಂಟಿನ ಬದಲು ಸುಣ್ಣ, ಸುರ್ಕಿಗಳ ಗಾರೆಯಿಂದ ಕಟ್ಟಿದ ಆ ಗೋಡೆ ಇಂದಿಗೂ ದೃಢವಾಗಿ ನಿಂತಿದೆ.

1912ರಿಂದ 1918ರವರೆಗೆ ದಿವಾನರಾಗಿ ಅವರು ನಡೆಸಿದ ಆಡಳಿತದ ಸಾಧನೆಗಳು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿವೆ. 1913ರಲ್ಲಿ ಮೈಸೂರು ಬ್ಯಾಂಕು ಮತ್ತು ಹೆಬ್ಬಾಳದ ಕೃಷಿಶಾಲೆ, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಇವೆಲ್ಲವೂ ಆ ಆರು ವರ್ಷಗಳ ಫಲ. ಆದರೆ ಚರಿತ್ರೆಯನ್ನು ಬರೆಯುವವನು ಒಂದು ಮಾತನ್ನು ಮರೆಮಾಚಬಾರದು. ಸಂಸ್ಥಾನದ ಉದ್ಯೋಗಗಳಲ್ಲಿ ಹಿಂದುಳಿದ ಸಮಾಜಗಳಿಗೆ ತಕ್ಕ ಸ್ಥಾನ ದೊರೆಯಬೇಕೆಂಬ ಬೇಡಿಕೆ ಬಲಗೊಂಡು, 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಕವಾದಾಗ ದಿವಾನರು ಅದನ್ನು ಮನಸಾರೆ ಒಪ್ಪಲಿಲ್ಲ. ಅರ್ಹತೆಯೊಂದೇ ಅಳತೆಗೋಲಾಗಿರಬೇಕೆಂಬುದು ಅವರ ನಿಲುವು. ಮಹಾರಾಜರ ನಿಲುವು ಬೇರೆ. ಆ ವರ್ಷದ ಡಿಸೆಂಬರಿನಲ್ಲಿ ಅವರು ಅಧಿಕಾರವನ್ನು ತ್ಯಜಿಸಿದರು. ಕಾಲುವೆಯ ತುದಿಯ ಹೊಲಕ್ಕೆ ಅದರ ಪಾಲು ಸಲ್ಲಲೇಬೇಕೆಂದು ಹಟ ಹಿಡಿದವರು ವಿದ್ಯೆ, ಅಧಿಕಾರಗಳ ಕಾಲುವೆಗೂ ತುದಿಯೊಂದಿದೆ ಎಂಬುದನ್ನು ಅಷ್ಟೇ ಸ್ಪಷ್ಟವಾಗಿ ಕಾಣಲಿಲ್ಲ. ಆ ಕೊರತೆಯನ್ನು ತುಂಬುವುದಕ್ಕಾಗಿಯೇ ನಮ್ಮ ಮಠಗಳು ಉಚಿತ ಪ್ರಸಾದನಿಲಯಗಳನ್ನೂ ಪಾಠಶಾಲೆಗಳನ್ನೂ ತೆರೆದವೆಂದರೆ ತಪ್ಪಾಗದು. ದೋಷವನ್ನು ಒಪ್ಪಿಕೊಂಡೇ ಗುಣವನ್ನು ಗೌರವಿಸುವುದು ಸಜ್ಜನರ ಲಕ್ಷಣ.

ಮಂಡ್ಯದ ಮಣ್ಣಿನಲ್ಲಿ

ಅಧಿಕಾರವನ್ನು ಬಿಟ್ಟ ನಂತರವೂ ಕೃಷ್ಣರಾಜಸಾಗರದ ಕಾಲುವೆಯ ಚಿಂತೆ ಅವರನ್ನು ಬಿಡಲಿಲ್ಲ. ಹುಲಿಕೆರೆಯ ಬಳಿ ಗುಡ್ಡವನ್ನು ಕೊರೆದು ಸುರಂಗದ ಮೂಲಕ ನೀರನ್ನು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಹರಿಸಿದ ಆ ಕಾಲುವೆಗೆ ಮೊದಲು ಇರ್ವಿನ್ ಕಾಲುವೆಯೆಂದು ಹೆಸರು. ತರುವಾಯ ಅದು ವಿಶ್ವೇಶ್ವರಯ್ಯ ಕಾಲುವೆಯಾಯಿತು. ಸುಮಾರು 1,20,000 ಎಕರೆಗಳ ನೀರಾವರಿ ಆ ಕಾಲುವೆಯ ಗುರಿಯಾಗಿತ್ತು. ರಾಗಿ, ಹುರುಳಿ ಬೆಳೆಯುತ್ತಿದ್ದ ಬರಡು ಸೀಮೆಗೆ ನೀರು ಬಂದಾಗ ಅಲ್ಲಿಯೂ ಬ್ಲಾಕ್ ಪದ್ಧತಿಯನ್ನೇ ಅಳವಡಿಸಲಾಯಿತು: ಮೂರನೆಯ ಒಂದು ಭಾಗ ಕಬ್ಬು, ಒಂದು ಭಾಗ ಭತ್ತ, ಒಂದು ಭಾಗ ರಾಗಿಯಂತಹ ಅರೆನೀರಾವರಿ ಬೆಳೆ, ಮೂರು ವರ್ಷಗಳಿಗೊಮ್ಮೆ ಸುತ್ತು ಪೂರ್ಣ. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಗಿ ಮಂಡ್ಯ ಸಕ್ಕರೆಯ ನಗರವೆನಿಸಿತು. 1939ರಲ್ಲಿ ಜಿಲ್ಲೆಯೇ ಆಯಿತು.

ಆ ಸಮೃದ್ಧಿಯೇ ಮುಂದೆ ಪದ್ಧತಿಗೆ ಪರೀಕ್ಷೆಯಾಯಿತು. ಕಬ್ಬಿಗೆ ಕಾರ್ಖಾನೆ ಕಾದಿತ್ತು. ಭತ್ತಕ್ಕೆ ಮಾರುಕಟ್ಟೆ ಇತ್ತು. ರಾಗಿಗೆ ಯಾರೂ ಕಾದಿರಲಿಲ್ಲ. ಮೇಲ್ಭಾಗದ ರೈತನು ಅರೆನೀರಾವರಿಯ ಭಾಗದಲ್ಲಿಯೂ ಭತ್ತವನ್ನೇ ನಾಟಿಮಾಡಿದನು. ಕಾಗದದಲ್ಲಿ ಬ್ಲಾಕುಗಳು ಉಳಿದವು, ಹೊಲದಲ್ಲಿ ಅಳಿದವು. ಕಾಲುವೆಯ ತುದಿಯ ಗ್ರಾಮಗಳಿಗೆ ಬೇಸಗೆಯಲ್ಲಿ ನೀರು ತಲುಪದೆ ವರ್ಷಂಪ್ರತಿ ಅಹವಾಲುಗಳು ಏಳತೊಡಗಿದವು. ನೀರಾ ಕಣಿವೆಯಲ್ಲಿಯೂ ಇದೇ ಕಥೆ. ಅಲ್ಲಿನ ಕಾಲುವೆಯ ಮೇಲ್ಭಾಗ ಕಬ್ಬಿನ ಸೀಮೆಯಾಗಿ ಪರಿಣಮಿಸಿತು. 1910ರಷ್ಟು ಹಿಂದೆಯೇ ಪುಣೆಯ ಕೃಷಿ ಕಾಲೇಜಿನ ಡಾ. ಹೆರಾಲ್ಡ್ ಮನ್ ಮೊದಲಾದವರು ನೀರಾ ಕಣಿವೆಯ ಸವಳು ಭೂಮಿಯನ್ನು ಅಧ್ಯಯನ ಮಾಡಿ ಅಪಾಯವನ್ನು ತೋರಿಸಿಕೊಟ್ಟಿದ್ದರು. ನಮ್ಮ ತುಂಗಭದ್ರಾ, ಮಲಪ್ರಭಾ, ಕೃಷ್ಣಾ ಅಚ್ಚುಕಟ್ಟುಗಳ ಎರೆಭೂಮಿಯಲ್ಲಿ ಸವಳು-ಜವಳಿನಿಂದ ಕೆಟ್ಟ ಹೊಲಗಳ ಮೇಲೆ ಬೆಳ್ಳಗೆ ಉಪ್ಪು ಹೂತಿರುವುದನ್ನು ಓದುಗರಲ್ಲಿ ಅನೇಕರು ಕಂಡೇ ಇದ್ದಾರೆ. ನೀರಿಲ್ಲದೆ ಒಣಗಿದ ಹೊಲ ಮುಂದಿನ ಮಳೆಗೆ ಚಿಗುರೀತು. ನೀರು ಹೆಚ್ಚಾಗಿ ಸತ್ತ ಹೊಲಕ್ಕೆ ಮಳೆಯೂ ಮದ್ದಲ್ಲ.

ಪದ್ಧತಿ ಸಡಿಲಿದ್ದೇಕೆ?

ಶ್ರೇಷ್ಠವಾದ ಪದ್ಧತಿಯೊಂದು ಹೀಗೇಕೆ ಸಡಿಲಿತು? ಖಾನದೇಶದ ಫಡ್ ಇಲ್ಲಿ ಉತ್ತರವನ್ನು ಹೇಳುತ್ತದೆ. ಬ್ಲಾಕಿನ ಮೇರೆಯನ್ನು ಇಲಾಖೆ ಎಳೆಯಿತು. ಫಡ್‌ನ ಮೇರೆಯನ್ನು ಊರು ಎಳೆಯಿತು. ಒಂದನ್ನು ಕಾಯುವವನು ಅಧಿಕಾರಿ, ಇನ್ನೊಂದನ್ನು ಕಾಯುವವನು ನೆರೆಯವನು. ವಿಶ್ವೇಶ್ವರಯ್ಯನವರಂತಹ ಅಧಿಕಾರಿ ಇರುವವರೆಗೆ ಕಟ್ಟಳೆ ನಡೆಯಿತು. ಅವರಂತಹವರು ದಿನವೂ ಹುಟ್ಟುವುದಿಲ್ಲ. ನೆರೆಯವನಾದರೋ ಎಂದೂ ಇದ್ದೇ ಇರುತ್ತಾನೆ. ಇಂದು ಕಾಲುವೆಗಳ ಮೇಲೆ ರಚಿತವಾಗಿರುವ ನೀರು ಬಳಕೆದಾರರ ಸಹಕಾರ ಸಂಘಗಳು ಹೆಸರಿಗಷ್ಟೇ ಇರದೆ ನಿಜವಾಗಿ ಸರದಿಯನ್ನು ಕಾಯತೊಡಗಿದರೆ, ಆ ಮಹನೀಯರ ಲೆಕ್ಕವೂ ಫಡ್‌ನ ಒಪ್ಪಂದವೂ ಒಂದಾದಂತೆ.

ಹೊಲದೊಳಗೆ ನೀರನ್ನು ಉಳಿಸುವ ಸಾಧನಗಳು ಅವರ ಕಾಲಕ್ಕಿಂತ ಈಗ ಬಹಳ ಬೆಳೆದಿವೆ. ಹೊಲವನ್ನು ಸಮತಟ್ಟು ಮಾಡಿದರೆ ತಗ್ಗಿನಲ್ಲಿ ನೀರು ನಿಲ್ಲದು, ದಿಬ್ಬ ಒಣಗದು. ಹೊಲಗಾಲುವೆಗೆ ಕಲ್ಲು ಅಥವಾ ಕಾಂಕ್ರೀಟಿನ ಹಾಸು ಹಾಕಿದರೆ ದಾರಿಯ ಸೋರಿಕೆ ನಿಲ್ಲುತ್ತದೆ. ಕಬ್ಬಿಗೆ ಹೊಲ ತುಂಬ ಹಾಯಿಸುವ ಬದಲು ಸಾಲು ಬಿಟ್ಟು ಸಾಲಿಗೆ ಹಾಯಿಸಿ, ಕಬ್ಬಿನ ರವದಿಯನ್ನು ಸುಡದೆ ಸಾಲುಗಳ ನಡುವೆ ಹೊದಿಸಿದರೆ ತೇವ ಉಳಿಯುತ್ತದೆ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ, ಒಮ್ಮೆ ಆರಗೊಟ್ಟು ಮತ್ತೆ ನೀರು ಕಟ್ಟಿದರೂ ಇಳುವರಿ ತಗ್ಗುವುದಿಲ್ಲವೆಂದು ಕೃಷಿಕೇಂದ್ರಗಳ ಪ್ರಯೋಗಗಳು ತೋರಿಸಿವೆ. ಹನಿ ನೀರಾವರಿಯಲ್ಲಿ ನೀರು ನೇರವಾಗಿ ಬೇರಿಗೆ ಸಲ್ಲುತ್ತದೆ. ಬಾಗಲಕೋಟೆ ಜಿಲ್ಲೆಯ ಹುನಗುಂದದ ರಾಮಥಾಳದಲ್ಲಿ ಹೊಳೆಯ ನೀರನ್ನೇ ಹನಿಯಾಗಿಸಿ ವಿಶಾಲ ಕ್ಷೇತ್ರಕ್ಕೆ ಕೊಡುವ ಯತ್ನವೂ ನಡೆದಿದೆ. ಇವೆಲ್ಲವೂ ಉಪಕರಣಗಳ ಮಾತು. ಹನಿ ನೀರಾವರಿಯಿಂದ ಉಳಿದ ನೀರಿನಲ್ಲಿ ಅದೇ ರೈತನು ಮತ್ತೊಂದೆಕರೆ ಕಬ್ಬನ್ನು ನೆಟ್ಟರೆ ಕಾಲುವೆಯ ತುದಿಗೆ ಸೇರಿದುದೇನು? ಉಳಿಸಿದುದು ಮುಂದಿನವನಿಗೆ ಎಂಬ ಬುದ್ಧಿ ಉಪಕರಣದೊಡನೆ ಬರುವುದಿಲ್ಲ. ಅದು ಸಂಸ್ಕಾರದಿಂದ ಬರಬೇಕು. ತನಗೆ ಬೇಕಾದಷ್ಟನ್ನು ಅಳೆದು ತೆಗೆದುಕೊಂಡು ಮಿಕ್ಕುದನ್ನು ಸಮಾಜದ್ದೆಂದು ತಿಳಿಯುವುದನ್ನೇ ನಮ್ಮ ಹಿರಿಯರು ದಾಸೋಹವೆಂದರು. ಬ್ಲಾಕ್ ಪದ್ಧತಿಯನ್ನು ದಾಸೋಹದ ಇಂಜಿನಿಯರಿಂಗ್ ರೂಪವೆಂದರೆ ಅತಿಶಯೋಕ್ತಿಯಲ್ಲ.

ಸಾರ್ಥಕ ಶತಮಾನ

1915ರಲ್ಲಿ ಸರ್ ಪದವಿಯೂ 1955ರಲ್ಲಿ ಭಾರತರತ್ನವೂ ವಿಶ್ವೇಶ್ವರಯ್ಯನವರನ್ನು ಅರಸಿ ಬಂದವು. 1951ರಲ್ಲಿ ಅವರು ತಮ್ಮ ಸೇವಾಜೀವನದ ನೆನಪುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಆ ಗ್ರಂಥದಲ್ಲಿ ಸ್ವಂತ ಸುಖದುಃಖಗಳಿಗಿಂತ ಕಾಲುವೆ, ಕಟ್ಟೆ, ಕಾರ್ಖಾನೆಗಳ ವಿವರಗಳೇ ಹೆಚ್ಚು. ಮಿತವಾದ ಆಹಾರ, ಕ್ರಮಬದ್ಧವಾದ ದಿನಚರಿ, ಅಚ್ಚುಕಟ್ಟಾದ ಉಡುಪು, ಗಡಿಯಾರದಂತಹ ಕಾಲನಿಷ್ಠೆ, ಇವು ಅವರ ನಿತ್ಯವ್ರತಗಳು. ಹೊಲದ ನೀರಿಗೆ ಲೆಕ್ಕವಿಟ್ಟಂತೆ ತಮ್ಮ ಆಯುಸ್ಸಿನ ಗಳಿಗೆಗಳಿಗೂ ಅವರು ಲೆಕ್ಕವಿಟ್ಟಿದ್ದರು. 1960ರ ಸೆಪ್ಟೆಂಬರ್ 15ರಂದು ಅವರ ಶತಮಾನೋತ್ಸವದ ನೆನಪಿಗೆ ಭಾರತ ಸರ್ಕಾರ ಅಂಚೆಚೀಟಿಯನ್ನು ಹೊರಡಿಸಿದಾಗ ಅದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿತ್ತು. 1962ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಅವರು ಕೀರ್ತಿಶೇಷರಾದರು. ಹುಟ್ಟೂರಾದ ಮುದ್ದೇನಹಳ್ಳಿಯಲ್ಲಿ ಅವರ ಸಮಾಧಿ ಇದೆ. ಅವರ ಜನ್ಮದಿನವನ್ನು ರಾಷ್ಟ್ರವು ಇಂಜಿನಿಯರರ ದಿನವೆಂದು ಆಚರಿಸುತ್ತಿದೆ.

ಈ ಸಂಸ್ಥೆಯಲ್ಲಿ ಓದಿದ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಇಂಜಿನಿಯರರಿದ್ದಾರೆ. ಅವರಿಗಿಂತ ಹೆಚ್ಚು ಮಂದಿ ಒಕ್ಕಲುತನ ಮಾಡುವವರು. ಸಂಸ್ಥೆಗೆ ಧಾರಾಳವಾಗಿ ದಾನವಿತ್ತ ಮಹಾದಾನಿಗಳಲ್ಲಿಯೂ ಕಾಲುವೆಯ ಕೆಳಗೆ ಹೊಲವುಳ್ಳವರು ಕಡಿಮೆಯಿಲ್ಲ. ಕಾಲುವೆಯ ಮೇಲ್ಭಾಗದಲ್ಲಿರುವ ಒಬ್ಬೊಬ್ಬರೂ ತಮ್ಮ ಹೊಲದ ಬಾಯಿಯನ್ನು ಸರದಿ ಮುಗಿದೊಡನೆ ತಾವೇ ಮುಚ್ಚಿದರೆ, ತುದಿಯಲ್ಲಿರುವ ಹೆಸರರಿಯದ ಒಕ್ಕಲಿಗನ ಒಲೆ ಹೊತ್ತೀತು. ಕಲ್ಲಿನ ಕಟ್ಟೆಯನ್ನು ವಿಶ್ವೇಶ್ವರಯ್ಯನವರು ಕಟ್ಟಿಸಿಕೊಟ್ಟು ಹೋದರು. ಮನಸ್ಸಿನ ಕಟ್ಟೆಯನ್ನು ನಾವೇ ಕಟ್ಟಿಕೊಳ್ಳಬೇಕಾಗಿದೆ.